ಹಿಂದೆ ಕೂತ ತಂಬೂರಿ ಏನು ಮಾಡುತ್ತದೆ?

ಕಛೇರಿ ಆರೂವರೆಗೆ ಅಂದಿದ್ದರು. ಆರೂಮುಕ್ಕಾಲಾದರೂ ಹಾಡು ಶುರುವಾಗಿರಲಿಲ್ಲ. ಗಾಯಕರು ತಂಬೂರಿಯ ದಂಡಿಗೆ ಕಿವಿ ತಾಗಿಸಿ, ಕಣ್ಣು ಮುಚ್ಚಿ, ಬಿರಡೆಯನ್ನು ಕೂದಲೆಳೆಯಷ್ಟು ತಿರುವುತ್ತಾ ಕೂತಿದ್ದರು. ಪಕ್ಕದ ಕುರ್ಚಿಯ ಹಿರಿಯರು ನನ್ನ ಕಡೆ ಬಾಗಿ, "ಇದನ್ನೆಲ್ಲ ಮನೇಲೇ ಟೈಟ್ ಮಾಡ್ಕೊಂಡು ಬರಬಾರದಾ ಇವರು?" ಎಂದರು. ನನಗೆ ನಗು ಬಂತು. ಆದರೆ ಪ್ರಶ್ನೆ ನ್ಯಾಯವಾದದ್ದೇ.

ಅದಕ್ಕೆ ಸಣ್ಣ ಉತ್ತರವೊಂದಿದೆ. ಸಭಾಂಗಣದ ಎಸಿ, ದೀಪದ ಬಿಸಿ, ಜನ ತುಂಬಿದ ಮೇಲೆ ಏರುವ ಸೆಕೆ, ಇವಕ್ಕೆಲ್ಲ ತಂತಿಯೂ ಮರವೂ ಬಗ್ಗುತ್ತವೆ. ಮನೆಯಲ್ಲಿ ಕೂಡಿಸಿದ್ದು ವೇದಿಕೆಯಲ್ಲಿ ಹಾಗೇ ಉಳಿಯುವುದಿಲ್ಲ. ದೊಡ್ಡ ಉತ್ತರಕ್ಕೆ ಸ್ವಲ್ಪ ಸುತ್ತಬೇಕು. ತಂಬೂರಿ ನೋಡಿದರೆ ವಿಚಿತ್ರ ವಾದ್ಯ. ನಾಲ್ಕು ತಂತಿ, ಒಂದು ಬುರುಡೆ, ಉದ್ದನೆಯ ದಂಡಿ, ಅಷ್ಟೇ. ವೀಣೆಗೆ ಇರುವ ಹಾಗೆ ಮೆಟ್ಟಿಲಿಲ್ಲ, ಅಂದರೆ ತಂತಿಯನ್ನು ಒತ್ತಿ ಸ್ವರ ಬದಲಿಸುವ ಪಟ್ಟಿಗಳಿಲ್ಲ. ಅದರಲ್ಲಿ ಒಂದು ಹಾಡನ್ನೂ ನುಡಿಸಲು ಬರುವುದಿಲ್ಲ. ಶುರುವಿನಿಂದ ಮಂಗಳದವರೆಗೆ ಅದೇ ನಾಲ್ಕು ಸದ್ದು. ಹೀಗಿದ್ದರೂ ಅದಿಲ್ಲದೆ ನಮ್ಮ ಶಾಸ್ತ್ರೀಯ ಗಾಯಕರು ಬಾಯಿ ಬಿಡುವುದಿಲ್ಲ. ಅದು ಅಲ್ಲಿ ಏಕೆ ಇದೆ ಎಂದು ಗೊತ್ತಾದರೆ, ರಾಗ ಅಂದರೇನು ಎಂಬ ಗಂಟಿನ ಅರ್ಧ ಬಿಚ್ಚಿದ ಹಾಗೆ.

ಹೆದ್ದಾರಿಯ ಪಕ್ಕ ಒಂದು ಮೈಲಿಗಲ್ಲು ಇದೆ ಅಂದುಕೊಳ್ಳಿ. ಊರಿನ ಹೆಸರು ಅಳಿಸಿಹೋಗಿದೆ, 20 ಎಂಬ ಅಂಕಿ ಮಾತ್ರ ಉಳಿದಿದೆ. ಆ 20 ಹುಬ್ಬಳ್ಳಿಗೋ ಧಾರವಾಡಕ್ಕೋ? ಊರು ಗೊತ್ತಿಲ್ಲದಿದ್ದರೆ ಅಂಕಿ ಸುಮ್ನೆ ಗೀಚು. ಸರಿಗಮಪದನಿಯೂ ಹೀಗೆಯೇ. ‘ಗ’ ಅಂದರೆ ‘ಸ’ದಿಂದ ಇಷ್ಟು ದೂರ ಎಂದು ಹೇಳುವ ಕಲ್ಲು. ‘ಸ’ ಎಲ್ಲಿದೆ ಎಂದು ಗೊತ್ತಿಲ್ಲದೆ ‘ಗ’ಕ್ಕೆ ಅರ್ಥವಿಲ್ಲ.

ಮತ್ತೆ ಆ ‘ಸ’ ಎಲ್ಲಿದೆ? ಹಾಡುವವರ ಗಂಟಲಿಗೆ ಎಲ್ಲಿ ಸಲೀಸೋ ಅಲ್ಲಿ. ಪಿಯಾನೋದ ಮನೆಗಳಿಗೆ, ಅಂದರೆ ಬೆರಳಲ್ಲಿ ಒತ್ತುವ ಕಪ್ಪು-ಬಿಳಿ ಪಟ್ಟಿಗಳಿಗೆ, ಇಡೀ ಜಗತ್ತು ಒಪ್ಪಿದ ಎತ್ತರ ಇದೆ. ನಮ್ಮ ‘ಸ’ಗೆ ಇಲ್ಲ. ಹೆಂಗಸರ ‘ಸ’ ಸಾಮಾನ್ಯವಾಗಿ ಗಂಡಸರದ್ದಕ್ಕಿಂತ ಸಾಕಷ್ಟು ಮೇಲೆ. ಯಕ್ಷಗಾನ ನೋಡುವವರಿಗೆ ಈ ಭಾಷೆ ಚೆನ್ನಾಗಿ ಗೊತ್ತು: ಒಬ್ಬ ಭಾಗವತರು ‘ಕಪ್ಪು ಎರಡು’, ಇನ್ನೊಬ್ಬರು ‘ಬಿಳಿ ಐದು’. ಹಾರ್ಮೋನಿಯಂನ ಯಾವ ಮನೆಯನ್ನು ತಮ್ಮ ‘ಸ’ ಅಂತ ಇಟ್ಟುಕೊಂಡಿದ್ದಾರೆ ಎಂಬುದಷ್ಟೇ ಅದರ ಅರ್ಥ. ಇದನ್ನೇ ಶ್ರುತಿ ಎನ್ನುತ್ತೇವೆ. (ಒಂದು ಸ್ಥಾಯಿಯೊಳಗಿನ, ಅಂದರೆ ಒಂದು ‘ಸ’ದಿಂದ ಮೇಲಿನ ‘ಸ’ದವರೆಗಿನ, 22 ಸೂಕ್ಷ್ಮ ಜಾಗಗಳಿಗೂ ಶ್ರುತಿ ಎಂದೇ ಹೆಸರು. ಒಂದೇ ಪದಕ್ಕೆ ಎರಡು ಅರ್ಥ ಕೊಟ್ಟು ಹಿರಿಯರು ಕಲಿಯುವವರನ್ನು ಚೆನ್ನಾಗಿ ಗೋಳಾಡಿಸಿದ್ದಾರೆ. ಇಲ್ಲಿ ನಾನು ಹೇಳುತ್ತಿರುವುದು ಮೊದಲನೆಯದರ ಬಗ್ಗೆ.)

ಒಂದು ಪ್ರಯೋಗ ಮಾಡೋಣ. ಹಾರ್ಮೋನಿಯಂ ಇಲ್ಲದಿದ್ದರೆ ಫೋನಿನಲ್ಲಿ ಯಾವುದಾದರೂ ಕೀಬೋರ್ಡ್ ಆ್ಯಪ್ ಸಾಕು. ಕಪ್ಪು ಮನೆಗಳನ್ನು ನೋಡಿ. ಎರಡರ ಗುಂಪು, ಮೂರರ ಗುಂಪು, ಮತ್ತೆ ಎರಡು, ಮತ್ತೆ ಮೂರು. ಎರಡರ ಗುಂಪು ಕಪ್ಪು ಒಂದು, ಕಪ್ಪು ಎರಡು. ಮೂರರ ಗುಂಪು ಕಪ್ಪು ಮೂರು, ನಾಲ್ಕು, ಐದು. ಬಿಳಿ ಮನೆಗಳನ್ನು ಮುಟ್ಟಲೇಬೇಡಿ.

ಕಪ್ಪು ಮೂರನ್ನು ‘ಸ’ ಅಂತ ಹಿಡಿದು ಬರೀ ಕಪ್ಪು ಮನೆಗಳ ಮೇಲೆ ಏರುತ್ತಾ ಹೋಗಿ. ಸ ರಿ ಗ ಪ ದ. ಮೋಹನ ರಾಗದ ಸ್ವರಗಳು ಬಂದವು. ಹಿಂದೂಸ್ತಾನಿಯವರಿಗೆ ಇವೇ ಭೂಪಾಲಿಯ ಸ್ವರ.

ಈಗ ಬೆರಳನ್ನು ಒಂದು ಮನೆ ಮುಂದಕ್ಕೆ ಇಡಿ, ಕಪ್ಪು ನಾಲ್ಕಕ್ಕೆ. ಅದನ್ನೇ ‘ಸ’ ಎಂದುಕೊಂಡು ಅವೇ ಐದು ಮನೆಗಳನ್ನು ಒತ್ತಿ. ಮಧ್ಯಮಾವತಿ! ಕಛೇರಿಯ ಕೊನೆಗೆ, ಎಲ್ಲರಿಗೂ ಒಳ್ಳೆಯದಾಗಲಿ ಎಂದು ಹಾಡುವ ರಾಗ. ಕಪ್ಪು ಐದರಿಂದ ಶುರು ಮಾಡಿದರೆ ಹಿಂದೋಳ, ಅಂದರೆ ಉತ್ತರದವರ ಮಾಲ್ಕೌಂಸ್. ಕಪ್ಪು ಒಂದರಿಂದ ಶುದ್ಧ ಸಾವೇರಿ, ಅತ್ತ ದುರ್ಗಾ. ಕಪ್ಪು ಎರಡರಿಂದ ಶುದ್ಧ ಧನ್ಯಾಸಿ, ಅತ್ತ ಧಾನಿ.

ಐದೇ ಮನೆ, ಐದು ರಾಗದ ಸ್ವರ. ಒತ್ತಿದ ಮನೆಗಳಲ್ಲಿ ಒಂದೂ ಬದಲಾಗಲಿಲ್ಲ. ಬದಲಾದದ್ದು ಯಾವುದು ನಮ್ಮ ಊರು ಎಂಬ ತೀರ್ಮಾನ ಮಾತ್ರ. ಇದಕ್ಕೆ ಗ್ರಹಭೇದ ಎಂದು ಹೆಸರು. ಪಳಗಿದ ವಿದ್ವಾಂಸರು ರಾಗಾಲಾಪನೆಯ ನಡುವೆ ಎರಡು ನಿಮಿಷ ಈ ಆಟ ಆಡಿ, ಕೇಳುವವರ ತಲೆ ಗಿರ್ರೆನ್ನಿಸಿ ಮತ್ತೆ ಮೊದಲಿನ ‘ಸ’ಗೆ ಬರುವುದುಂಟು.

ಪ್ರಯೋಗದಲ್ಲಿ ಒಂದು ತೊಡಕು ನಿಮಗೂ ಕಂಡಿರಬಹುದು. ಸುಮ್ಮನೆ ಮನೆಗಳನ್ನು ಒತ್ತುತ್ತಾ ಹೋದರೆ ಕಿವಿ ಜಾರುತ್ತದೆ. ಮಧ್ಯಮಾವತಿ ಅಂತ ಶುರು ಮಾಡಿದ್ದು ನಾಲ್ಕು ಸಾಲಾಗುವಷ್ಟರಲ್ಲಿ ಮೋಹನದ ಹಾಗೆ ಕೇಳತೊಡಗುತ್ತದೆ. ಕಿವಿಗೆ ಊರು ಮರೆತುಹೋಗಿರುತ್ತದೆ. ಹಾಗಾಗದಂತೆ ಒಂದು ಉಪಾಯ ಮಾಡಿ. ಕಪ್ಪು ನಾಲ್ಕನ್ನು ಎಡಗೈಯಲ್ಲಿ ಬಿಡದೆ ಒತ್ತಿ ಹಿಡಿದು, ಬಲಗೈಯಲ್ಲಿ ನುಡಿಸಿ. ಈಗ ಜಾರುವುದಿಲ್ಲ. ಪ್ರತಿ ಸ್ವರವೂ ಆ ಒಂದು ಸದ್ದಿನ ಜತೆ ತಾಗಿಯೇ ಕಿವಿಗೆ ಬೀಳುತ್ತದೆ. ನಿಮ್ಮ ಎಡಗೈ ಈಗ ಮಾಡಿದ್ದೇ ತಂಬೂರಿಯ ಕೆಲಸ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಬೇರೆ ದಾರಿ ಹಿಡಿಯಿತು. ಅಲ್ಲಿ ಹಾಡಿನ ಕೆಳಗಿನ ನೆಲವೇ ಚಲಿಸುತ್ತದೆ. ನಾಲ್ಕಾರು ಸ್ವರ ಒಟ್ಟಿಗೆ ನುಡಿದು ಒಂದು ಗೊಂಚಲು, ಆಮೇಲೆ ಇನ್ನೊಂದು ಗೊಂಚಲು, ನಡುವೆ ಊರನ್ನೇ ಬದಲಿಸುವುದೂ ಉಂಟು. ಕೇಳುವ ಸುಖದ ದೊಡ್ಡ ಪಾಲು ಆ ಚಲನೆಯಲ್ಲಿದೆ. ನಮ್ಮಲ್ಲಿ ನೆಲ ಅಲುಗುವುದಿಲ್ಲ. ಎರಡರಲ್ಲಿ ಯಾವುದು ಮೇಲು ಎಂದು ಜಗಳ ಆಡುವವರನ್ನು ಕಂಡಿದ್ದೇನೆ. ನನಗೆ ಅದು ಈಜು ಮೇಲೋ ನಡಿಗೆ ಮೇಲೋ ಎಂದು ಕೇಳಿದ ಹಾಗೆ.

ನಮ್ಮ ಸಂಗೀತವೂ ಹುಟ್ಟಿದಂದಿನಿಂದ ಹೀಗಿರಲಿಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ. ಭರತನ ನಾಟ್ಯಶಾಸ್ತ್ರದ ಕಾಲದ ವೀಣೆ ಬಿಲ್ಲಿನಾಕಾರದ್ದು. ಸಮುದ್ರಗುಪ್ತ ತೊಡೆಯ ಮೇಲೆ ವೀಣೆ ಇಟ್ಟುಕೊಂಡಿರುವ ಚಿನ್ನದ ನಾಣ್ಯ ಶಾಲೆಯ ಪುಸ್ತಕದಲ್ಲಿ ಇತ್ತಲ್ಲ, ಆ ಥರದ್ದು. ಒಂದೊಂದು ತಂತಿಗೆ ಒಂದೊಂದು ಸ್ವರ. ಯಾವ ತಂತಿಯಿಂದ ಬೇಕಾದರೂ ಶುರು ಮಾಡಬಹುದು. ಇದಕ್ಕೆ ಮೂರ್ಛನೆ ಎಂದು ಹೆಸರಿತ್ತು. ನಾವು ಕಪ್ಪು ಮನೆಗಳ ಮೇಲೆ ಆಡಿದ ಆಟ ಅವರಿಗೆ ದಿನದ ಊಟ. ಆಮೇಲೆ ಮೆಟ್ಟಿಲುಗಳಿರುವ ವೀಣೆ ಬಂತು, ‘ಸ’ ಒಂದು ಕಡೆ ಗಟ್ಟಿಯಾಗಿ ಕೂತಿತು. ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯ 1550ರಲ್ಲಿ ಬರೆದ ‘ಸ್ವರಮೇಳಕಲಾನಿಧಿ’ಯಲ್ಲಿ ಇಂಥ ವೀಣೆಗೆ ಮೆಟ್ಟಿಲು ಕೂರಿಸುವ ಲೆಕ್ಕ ಇದೆ. ಅದೇ 16-17ನೇ ಶತಮಾನಗಳಲ್ಲಿ ತಂಬೂರಿಯೂ ಗಾಯಕರ ಬೆನ್ನ ಹಿಂದೆ ಬಂದು ಕೂತಿತು. ದಾಸರ ಪದಗಳಲ್ಲಿ ಅದರ ಹೆಸರು ಬರುತ್ತದೆ. ಆಮೇಲೆ ಶಿಶುನಾಳ ಶರೀಫರು ಈ ದೇಹವನ್ನೇ ತಂಬೂರಿ ಎಂದರು.

ರಾಮಾಮಾತ್ಯನ ಗ್ರಂಥದಲ್ಲಿ ಒಂದು ಸೊಗಸಾದ ಪದ ಇದೆ: ಸ್ವಯಂಭೂ ಸ್ವರ. ಯಾರೂ ನುಡಿಸದೆ ತಾನಾಗಿ ಹುಟ್ಟುವ ಸ್ವರ. ಮಂತ್ರದ ಹಾಗೆ ಕೇಳಿಸುತ್ತದೆ, ಆದರೆ ಇದು ಮಗ್ಗಿಯಷ್ಟೇ ಸರಳ ಲೆಕ್ಕ.

ಒಂದು ತಂತಿ ಮೀಟಿದರೆ ಅದು ಒಂದೇ ಸದ್ದು ಮಾಡುವುದಿಲ್ಲ. ಇಡೀ ತಂತಿ ಒಂದು ವೇಗದಲ್ಲಿ ಕಂಪಿಸುತ್ತದೆ. ಜತೆಗೆ ಎರಡು ಅರ್ಧಗಳಾಗಿಯೂ ಕಂಪಿಸುತ್ತದೆ, ಅದರ ವೇಗ ಎರಡರಷ್ಟು. ಮೂರು ಭಾಗಗಳಾಗಿ, ನಾಲ್ಕಾಗಿ, ಐದಾಗಿ, ಎಲ್ಲ ಒಟ್ಟೊಟ್ಟಿಗೆ. ಹೆಂಗಸರ ಶ್ರುತಿಯ ಒಂದು ತಂಬೂರಿಯಲ್ಲಿ ದಪ್ಪನೆಯ ಹಿತ್ತಾಳೆ ತಂತಿ, ಅಂದರೆ ಮಂದ್ರದ (ಕೆಳಗಿನ ಸ್ಥಾಯಿಯ) ‘ಸ’, ಸೆಕೆಂಡಿಗೆ 100 ಸಲ ಕಂಪಿಸುತ್ತದೆ ಎಂದಿಟ್ಟುಕೊಳ್ಳಿ. ಆಗ ಅದರೊಳಗೆ 200, 300, 400, 500, 600 ಎಲ್ಲವೂ ಇವೆ.

ಎರಡರಷ್ಟಾದರೆ ಅದೇ ಸ್ವರ, ಒಂದು ಸ್ಥಾಯಿ ಮೇಲೆ. ಹಾಗಾಗಿ 100, 200, 400 ಎಲ್ಲವೂ ‘ಸ’. 300 ಎಂದರೆ 200ರ ಒಂದೂವರೆಯಷ್ಟು. ‘ಸ’ದ ಒಂದೂವರೆಯಷ್ಟು ಯಾವಾಗಲೂ ‘ಪ’. ಹಾಗಾದರೆ 500? ಅದು 400ರ ಒಂದೂಕಾಲು. ಒಂದೂಕಾಲು ಅಂದರೆ ಅಂತರ ಗಾಂಧಾರ, ಮೋಹನದ ‘ಗ’. ನಾಲ್ಕು ತಂತಿಯಲ್ಲಿ ‘ಗ’ಕ್ಕೆ ಕಟ್ಟಿದ್ದು ಒಂದೂ ಇಲ್ಲ, ಆದರೂ ಶ್ರುತಿ ಸರಿಯಾಗಿ ಕೂಡಿದ ತಂಬೂರಿಯಿಂದ ‘ಗ’ ಕೇಳಿಸುತ್ತದೆ. ಸ್ವಯಂಭೂ ಗಾಂಧಾರ ಅಂದರೆ ಇದೇ. ಮೊದಲ ಸಲ ನನಗೆ ಅದು ಕೇಳಿಸಿದಾಗ ಪಕ್ಕದ ಕೋಣೆಯಲ್ಲಿ ಯಾರೋ ಗುನುಗುತ್ತಿದ್ದಾರೆ ಅಂದುಕೊಂಡಿದ್ದೆ.

ಲೆಕ್ಕ ಇನ್ನೂ ಮುಗಿದಿಲ್ಲ. ಮೊದಲ ತಂತಿ ಮಂದ್ರ ‘ಪ’, 150. ಅದರೊಳಗೆ 300, 450, 600, 750 ಇವೆ. 400ರ ‘ಸ’ಗೆ 450 ಎಂದರೆ ಚತುಃಶ್ರುತಿ ರಿಷಭ, ಮೋಹನದ ‘ರಿ’. 750 ಎಂದರೆ ಕಾಕಲಿ ನಿಷಾದ, ಮೇಲಿನ ‘ಸ’ದ ಪಕ್ಕದ ‘ನಿ’. ಈಗ ಎಲ್ಲ ಸೇರಿಸಿ: ಸ, ರಿ, ಗ, ಪ, ನಿ. ಸಂಗೀತ ಬಲ್ಲವರು ಈಗಾಗಲೇ ನಕ್ಕಿರುತ್ತಾರೆ, ಇವು ಹಂಸಧ್ವನಿಯ ಸ್ವರಗಳಲ್ವಾ! ಆ ರಾಗವನ್ನು ರೂಪಿಸಿದ್ದು ಮುತ್ತುಸ್ವಾಮಿ ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರು ಎನ್ನುತ್ತಾರೆ. ಅವರು ತಂಬೂರಿ ಕೇಳಿಯೇ ಮಾಡಿದರು ಎಂದು ನಾನು ಹೇಳುವುದಿಲ್ಲ. ಆದರೆ ಕಛೇರಿಯ ಆರಂಭಕ್ಕೆ ಆ ರಾಗ ಅಷ್ಟು ಹೊಂದುವುದರಲ್ಲಿ ಈ ಲೆಕ್ಕದ ಕೈವಾಡವೂ ಇರಬಹುದೆಂದು ನನ್ನ ಗುಮಾನಿ. (ಲೆಕ್ಕ ಹಿಡಿದವರು 700 ಎಲ್ಲಿ ಹೋಯಿತು ಎಂದು ಕೇಳಬಹುದು. ಅದು ಕೈಶಿಕಿ ನಿಷಾದಕ್ಕಿಂತ, ಅಂದರೆ ಕೆಳಗಿನ ಇನ್ನೊಂದು ‘ನಿ’ಗಿಂತ, ಸ್ವಲ್ಪ ಕೆಳಗೆ ಬೀಳುತ್ತದೆ. ನಮ್ಮ ಸ್ವರಗಳ ಪಟ್ಟಿಯಲ್ಲಿ ಅದಕ್ಕೆ ಸರಿಯಾದ ಕುರ್ಚಿ ಇಲ್ಲ.)

ಈ ಮರಿ ಸ್ವರಗಳು ಎಲ್ಲ ತಂತಿವಾದ್ಯದಲ್ಲೂ ಇವೆ. ತಂಬೂರಿಯಲ್ಲಿ ಮಾತ್ರ ಅವು ಇಷ್ಟು ಢಾಳಾಗಿ ಕೇಳುವುದಕ್ಕೆ ಕಾರಣ ಒಂದು ನೂಲು. ಬುರುಡೆಯ ಮೇಲೆ ತಂತಿಗಳನ್ನು ಹೊತ್ತ ಕುದುರೆಯನ್ನು ನೋಡಿ. ಗಿಟಾರಿನ ಕುದುರೆಗೆ ಚೂಪು ಅಂಚಿರುತ್ತದೆ. ತಂಬೂರಿಯದು ಅಗಲ, ಮೇಲ್ಮೈ ಸ್ವಲ್ಪವೇ ಬಾಗಿದೆ. ತಂತಿ ಅದರ ಮೇಲೆ ಬಹುತೇಕ ಮಲಗಿಕೊಂಡಿದೆ. ತಂತಿಗೂ ಕುದುರೆಗೂ ನಡುವೆ ಹತ್ತಿಯ ಅಥವಾ ರೇಷ್ಮೆಯ ಒಂದು ಎಳೆ ತೂರಿಸುತ್ತಾರೆ. ಅದಕ್ಕೆ ನಮ್ಮಲ್ಲಿ ಜೀವಾಳ ಎನ್ನುತ್ತಾರೆ. ಅದರಿಂದ ಹುಟ್ಟುವ ಝೇಂಕಾರಕ್ಕೆ ಉತ್ತರದವರು ಜವಾರಿ ಎನ್ನುತ್ತಾರೆ. ಎಳೆಯನ್ನು ಒಂಚೂರು ಹಿಂದೆ ಮುಂದೆ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ಇದ್ದಕ್ಕಿದ್ದಂತೆ ಸದ್ದು ಅರಳುತ್ತದೆ. ಅಲ್ಲಿಯವರೆಗೆ ‘ಟಣ್’ ಅನ್ನುತ್ತಿದ್ದ ತಂತಿ ‘ಝೇಂ’ ಅನ್ನುತ್ತದೆ. ಆ ಜಾಗ ಸಿಕ್ಕಾಗ ತಂತಿ ಕಂಪಿಸುತ್ತಾ ಪ್ರತಿ ಸಲ ಕುದುರೆಯ ಬಾಗನ್ನು ಮುಟ್ಟಿ ಮುಟ್ಟಿ ಏಳುತ್ತಿರುತ್ತದೆ. ಆ ಮುಟ್ಟುವಿಕೆಯೇ ಮೇಲಿನ ಮರಿ ಸ್ವರಗಳಿಗೆ ಮತ್ತೆ ಮತ್ತೆ ಕಸುವು ತುಂಬುವುದು.

ಇದು ಸಿ.ವಿ. ರಾಮನ್ ಅವರ ತಲೆಯನ್ನೂ ತಿಂದ ವಿಷಯ. ಸಾಮಾನ್ಯ ತಂತಿಯನ್ನು ಸರಿಯಾಗಿ ನಡುಮಧ್ಯದಲ್ಲಿ ಮೀಟಿದರೆ, ನಡುವಿನಲ್ಲಿ ಅಲುಗದೆ ನಿಲ್ಲಬೇಕಾದ ಕಂಪನಗಳು, ಅಂದರೆ ಎರಡನೆಯದು, ನಾಲ್ಕನೆಯದು ಹುಟ್ಟಲೇಬಾರದು. ಪುಸ್ತಕದ ನಿಯಮ ಹಾಗೆ. ತಂಬೂರಿಯಲ್ಲಿ ಹುಟ್ಟುತ್ತವೆ. ವೀಣೆಯಲ್ಲೂ ಅಷ್ಟೇ. ರಾಮನ್ 1921ರಲ್ಲಿ, ಇನ್ನೂ ಕಲ್ಕತ್ತೆಯಲ್ಲಿದ್ದಾಗ, ಇದರ ಬಗ್ಗೆ ಒಂದು ಚಿಕ್ಕ ಪ್ರಬಂಧ ಬರೆದು ಕಾರಣ ಆ ಕುದುರೆಯಲ್ಲಿದೆ ಎಂದು ತೋರಿಸಿದರು. ಅವರ ನೊಬೆಲ್ ಇನ್ನೂ 9 ವರ್ಷ ದೂರ ಇತ್ತು. ಮೃದಂಗ, ತಬಲಾಗಳ ಮೇಲೂ ಅವರ ಕಣ್ಣು ಬಿದ್ದಿತ್ತು. ಬರೀ ಚರ್ಮ ಬಿಗಿದ ಡೋಲಿನ ಸದ್ದಿಗೆ ಇದೇ ಸ್ವರ ಎಂದು ಗುರುತಿಲ್ಲ. ಮೃದಂಗದ ಬಲಮುಖದ ನಡುವೆ ಮೆತ್ತಿದ ಕಪ್ಪು ಕರಣೆ ಆ ಗೊಂದಲದ ಸದ್ದನ್ನು ತಂತಿಯ ಸದ್ದಿನ ಹಾಗೆ ಶಿಸ್ತಿಗೆ ತರುತ್ತದೆ ಎಂದು ಅವರು ವಿವರಿಸಿದರು. ಅದಕ್ಕೇ ಮೃದಂಗವನ್ನು ‘ಸ’ಗೆ ಕೂಡಿಸಲು ಬರುವುದು. ತಾಳ ಹಾಕುವವರಿಗೂ ಶ್ರುತಿಯ ಹಂಗು ತಪ್ಪಿಲ್ಲ, ನೋಡಿ.

ಹಾರ್ಮೋನಿಯಂನ ಕಥೆ ಇಲ್ಲೇ ಹೇಳಿಬಿಡುತ್ತೇನೆ. ಮೇಲಿನ ಲೆಕ್ಕದಲ್ಲಿ ಸ್ವಯಂಭೂ ‘ಗ’ 500ಕ್ಕೆ ಬಂತು. ಹಾರ್ಮೋನಿಯಂ ಪೆಟ್ಟಿಗೆ ಸ್ಥಾಯಿಯನ್ನು 12 ಸಮ ಪಾಲು ಮಾಡಿಕೊಂಡಿದೆ. ಹಾಗೆ ಪಾಲು ಮಾಡಿದಾಗ 400ರ ‘ಸ’ಗೆ ‘ಗ’ ಬಂದು ಬೀಳುವುದು 504ಕ್ಕೆ. ಬರೀ 4ರ ವ್ಯತ್ಯಾಸ, ಏನು ಮಹಾ ಅನ್ನಬಹುದು. ಆದರೆ 500, 504 ಎರಡೂ ಒಟ್ಟಿಗೆ ನುಡಿದರೆ ಸೆಕೆಂಡಿಗೆ 4 ಸಲ ‘ವಾಂವಾಂವಾಂವಾಂ’ ಎಂದು ಸದ್ದು ತೂಗುತ್ತದೆ. ತಂಬೂರಿ ಒಂದು ‘ಗ’ ಹೇಳುತ್ತಿದೆ, ಪೆಟ್ಟಿಗೆ ಇನ್ನೊಂದು ಹೇಳುತ್ತಿದೆ, ಹಾಡುವವರು ನಡುವೆ. ‘ಪ’ದಲ್ಲಿ ಈ ತಕರಾರು ಹೆಚ್ಚುಕಡಿಮೆ ಇಲ್ಲ, ಅಲ್ಲಿ ವ್ಯತ್ಯಾಸ ಒಂದಕ್ಕಿಂತ ಕಡಿಮೆ. ಪೆಟ್ಟಿಗೆಯಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಜಾರಲು ಬರುವುದಿಲ್ಲ, ಗಮಕ ಇಲ್ಲ, ಮೀಂಡ್ ಇಲ್ಲ ಎಂಬ ದೂರೂ ಇತ್ತು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತು, ಸುಮಾರು 30 ವರ್ಷ ಒಳಗೆ ಬಿಡಲಿಲ್ಲ. ಅದು ಅತಿಯಾಯಿತು ಎಂದು ನನ್ನ ಅಭಿಪ್ರಾಯ. ಒಳ್ಳೆಯ ಹಾರ್ಮೋನಿಯಂ ವಾದಕರು ‘ಗ’ದ ಮೇಲೆ ಜಾಸ್ತಿ ಹೊತ್ತು ನಿಲ್ಲುವುದೇ ಇಲ್ಲ. ಅಲ್ಲಿ ಹಾಡುವವರಿಗೆ ಜಾಗ ಬಿಟ್ಟು ಕೈ ಹಗುರ ಮಾಡುತ್ತಾರೆ. ಯಂತ್ರದ ಕೊರತೆಯನ್ನು ಮನುಷ್ಯರು ಮರ್ಯಾದೆಯಿಂದ ತುಂಬುವುದು ಹೀಗೆ.

ಇಷ್ಟು ಹೊತ್ತು ಹೇಳಿದ್ದು ದೂರಗಳ ಲೆಕ್ಕ. ಆದರೆ ರಾಗ ಲೆಕ್ಕಕ್ಕೆ ಸಿಕ್ಕಿ ಮುಗಿಯುವಂಥದ್ದಲ್ಲ. ಭೂಪಾಲಿಗೆ ಯಾವ ಐದು ಸ್ವರವೋ ದೇಶಕಾರಕ್ಕೂ ಅವೇ ಐದು, ‘ಸ’ವೂ ಅದೇ ಜಾಗದಲ್ಲಿ. ಆದರೂ ಅವು ಬೇರೆ ರಾಗ. ಭೂಪಾಲಿ ಕೆಳಗಿನ ಅರ್ಧದಲ್ಲಿ, ‘ಗ’ದ ಸುತ್ತ ಸುಳಿಯುತ್ತದೆ. ಸಂಜೆ ಕಳೆದ ಮೇಲೆ ಹಾಡುತ್ತಾರೆ. ದೇಶಕಾರ ಬೆಳಗಿನದು, ಮೇಲಿನ ಅರ್ಧದಲ್ಲಿ ‘ದ’ದ ಹತ್ತಿರ ವಾಸ. ಒಂದೇ ಊರಿನ ಒಂದೇ ಬೀದಿಯಲ್ಲಿ ಒಬ್ಬರು ದೇವಸ್ಥಾನದ ಕಟ್ಟೆಯ ಮೇಲೆ ಕೂರುತ್ತಾರೆ, ಇನ್ನೊಬ್ಬರು ಬಸ್ ಸ್ಟ್ಯಾಂಡಿನ ಚಾ ಅಂಗಡಿಯಲ್ಲಿ. ಇಬ್ಬರ ಊರಿನ ನಕ್ಷೆ ಒಂದೇ, ದಿನ ಮಾತ್ರ ಬೇರೆ.

ಇಲ್ಲಿ ತಂಬೂರಿಗೆ ಇನ್ನೊಂದು ಪಾತ್ರ ಬರುತ್ತದೆ. ಮಾಲ್ಕೌಂಸ್‌ನಲ್ಲಿ ‘ಪ’ವೇ ಇಲ್ಲ. ಇಲ್ಲದ ಸ್ವರವನ್ನು ತಂಬೂರಿ ಬಾರಿಸುತ್ತಾ ಕೂತರೆ ರಾಗ ಕೆಡುತ್ತದೆ. ಅದಕ್ಕೇ ಹಿಂದೂಸ್ತಾನಿ ಗಾಯಕರು ಆಗ ಮೊದಲ ತಂತಿಯನ್ನು ‘ಮ’ಕ್ಕೆ ಇಳಿಸುತ್ತಾರೆ. ಎರಡು ತಂಬೂರಿ ಇದ್ದರೆ ರಾಗ ನೋಡಿಕೊಂಡು ಒಂದಕ್ಕೆ ‘ಪ’, ಇನ್ನೊಂದಕ್ಕೆ ‘ನಿ’ ಕಟ್ಟುವುದೂ ಉಂಟು. ಆ ಒಂದು ತಂತಿ ಬದಲಾದರೆ ಇಡೀ ಕೋಣೆಯ ಬೆಳಕೇ ಬದಲಾಗುತ್ತದೆ. ಕರ್ನಾಟಕ ಕಛೇರಿಯಲ್ಲಿ ಸಾಮಾನ್ಯವಾಗಿ ಶುರುವಿನಿಂದ ಕೊನೆಯವರೆಗೂ ಅದೇ ಪ-ಸ. ಅಲ್ಲಿ ಮುಕ್ಕಾಲು ಗಂಟೆ ಒಂದೇ ರಾಗದಲ್ಲಿ ಮುಳುಗುವುದಕ್ಕಿಂತ ಹತ್ತಾರು ರಾಗಗಳ ಓಡಾಟ ಜಾಸ್ತಿ, ನಡುನಡುವೆ ತಂತಿ ತಿರುವುತ್ತಾ ಕೂರಲು ಪುರುಸೊತ್ತಿಲ್ಲ.

ಸಂಗೀತ ಹೇಗೆ ಕಲೆಯಾಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಅವರಿಗೆ ಮಾರವಾ ರಾಗ ಕೇಳಿಸುತ್ತೇನೆ. ಸೂರ್ಯ ಮುಳುಗುವ ಹೊತ್ತಿನ ರಾಗ. ಇದರಲ್ಲೂ ‘ಪ’ ಇಲ್ಲ. ‘ರಿ’ ಕೋಮಲ, ಅಂದರೆ ‘ಸ’ಗೆ ಮೈ ತಾಗುವಷ್ಟು ಹತ್ತಿರ. ‘ಮ’ ತೀವ್ರ, ಅಂದರೆ ಎರಡು ‘ಮ’ಗಳಲ್ಲಿ ಮೇಲಿನದು. ಈ ರಾಗದ ಕಸುಬು ಏನೆಂದರೆ, ಗಾಯಕರು ಹೆಚ್ಚು ಹೊತ್ತು ‘ಸ’ ಮುಟ್ಟದೆ ಉಳಿಯುತ್ತಾರೆ. ಕೆಳಗಿನ ‘ನಿ’ಯಿಂದ ಎದ್ದು ‘ಸ’ವನ್ನು ಹಾರಿ ‘ರಿ’ಗೆ ಹೋಗುತ್ತಾರೆ. ‘ದ’ದಲ್ಲಿ ನಿಲ್ಲುತ್ತಾರೆ. ಮತ್ತೆ ‘ರಿ’ಗೆ ಬರುತ್ತಾರೆ. ಇನ್ನೇನು ‘ಸ’ಗೆ ಇಳಿದರು ಎನ್ನುವಾಗ ಅತ್ತ ತಿರುಗುತ್ತಾರೆ.

ಇತ್ತ ತಂಬೂರಿ ಏನು ಮಾಡುತ್ತಿದೆ? ಸ, ಸ, ಸ ಎನ್ನುತ್ತಲೇ ಇದೆ. ಮನೆಯ ದೀಪ ಉರಿಯುತ್ತಿದೆ, ಬಾಗಿಲು ತೆರೆದಿದೆ, ಬರಬೇಕಾದವರು ಬೀದಿಯಲ್ಲಿ ನಿಂತಿದ್ದಾರೆ, ಒಳಗೆ ಬರುತ್ತಿಲ್ಲ. ಆ ಕೋಮಲ ‘ರಿ’ ತಂಬೂರಿಯ ‘ಸ’ಗೆ ಉಜ್ಜುವಾಗ ಎದೆಯಲ್ಲಿ ಏನೋ ಒಂದು ಕಸಿವಿಸಿ ಏಳುತ್ತದೆ. ತಂಬೂರಿಯ ಸದ್ದನ್ನು ನಿಲ್ಲಿಸಿ ಅದೇ ಸಾಲನ್ನು ಹಾಡಿಸಿ ನೋಡಿ. ಕಸಿವಿಸಿ ಮಾಯ. ಕಿವಿ ಸದ್ದಿಲ್ಲದೆ ‘ರಿ’ಯನ್ನೋ ‘ದ’ವನ್ನೋ ಹೊಸ ‘ಸ’ ಅಂತ ಒಪ್ಪಿಕೊಂಡು ಬೇರೆ ಯಾವುದೋ ರಾಗ ಕೇಳುತ್ತಾ ಹಾಯಾಗಿರುತ್ತದೆ. ಅಂದರೆ ಆ ದುಗುಡ ಗಾಯಕರ ಗಂಟಲಲ್ಲಿಯೂ ಇರಲಿಲ್ಲ, ತಂಬೂರಿಯಲ್ಲಿಯೂ ಇರಲಿಲ್ಲ. ಎರಡರ ನಡುವಿನ ಸಂದಿಯಲ್ಲಿತ್ತು. ಇಪ್ಪತ್ತು ನಿಮಿಷ ತಡೆದು ಕೊನೆಗೆ ಗಾಯಕರು ‘ಸ’ಗೆ ಬಂದಾಗ ಸಭೆಯಲ್ಲಿ ಜನ ತಮಗೇ ಗೊತ್ತಿಲ್ಲದೆ ಉಸಿರು ಬಿಡುವುದನ್ನು ಕೇಳಿದ್ದೇನೆ.

ಇಷ್ಟೆಲ್ಲ ಆ ನಾಲ್ಕು ತಂತಿಗಳ ಮೇಲೆ ನಿಂತಿದ್ದರಿಂದಲೇ ಕೆಲವು ಗಾಯಕರು ಶ್ರುತಿ ಕೂಡಿಸುವುದನ್ನು ಅರ್ಧ ಹಾಡು ಎಂದು ನಂಬಿದ್ದರು. ಹಿಂದೂಸ್ತಾನಿ ಗಾಯನದ ಕಿರಾಣಾ ಘರಾಣೆಯ (ಪರಂಪರೆಯ) ಅಬ್ದುಲ್ ಕರೀಂ ಖಾನ್ (1872-1937) ಅಂಥವರು. ವಾದ್ಯಗಳ ರಿಪೇರಿಯೂ ಅವರಿಗೆ ಗೊತ್ತಿತ್ತು. ಅವರು ನೆಲೆಸಿದ್ದು ಮಿರಜಿನಲ್ಲಿ, ನಮ್ಮ ಗಡಿಯ ಆಚೆ ಪಕ್ಕದಲ್ಲೇ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಒಂದೊಂದು ಸ್ವರದ ಮೇಲೆ ನಿಂತು, ಅದು ತಂಬೂರಿಯಲ್ಲಿ ಕರಗುವವರೆಗೆ ಬಿಡದ ಆ ಗಾಯನ ಧಾರವಾಡ ಸೀಮೆಗೆ ಬಂದದ್ದು ಈ ದಾರಿಯಲ್ಲಿ.

ಮಿರಜ್ ಇವತ್ತಿಗೂ ತಂಬೂರಿಯ ಊರು. ಸೊಲ್ಲಾಪುರ, ಪಂಢರಪುರದ ಕಡೆ ಬೆಳೆಯುವ ದೊಡ್ಡ ಸೋರೆ ಬುರುಡೆಗಳನ್ನು ಒಣಗಿಸಿ ಅಲ್ಲಿನ ಕುಶಲಕರ್ಮಿಗಳು ವಾದ್ಯ ಮಾಡುತ್ತಾರೆ. 2024ರಲ್ಲಿ ಮಿರಜಿನ ಸಿತಾರ್, ತಂಬೂರಿ ಎರಡಕ್ಕೂ ಜಿಐ ಟ್ಯಾಗ್ ಸಿಕ್ಕಿತು. ದಕ್ಷಿಣದಲ್ಲಿ ತಂಜಾವೂರಿನವು ಹಲಸಿನ ಮರದವು, ಬುರುಡೆಯೂ ಮರದ್ದೇ. ಬಸ್ಸಿನಲ್ಲಿ ಹೊತ್ತು ತಿರುಗಿದವರಿಗೆ ಗೊತ್ತು, ಎರಡೂ ಪ್ರಯಾಣಕ್ಕೆ ಆಗಿಬರುವಂಥವಲ್ಲ. ಹಾಗಾಗಿ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂದಾಗ ಎಲ್ಲರೂ ಬಾಚಿಕೊಂಡರು. ಅದನ್ನು ಜನಪ್ರಿಯ ಮಾಡಿದ್ದರಲ್ಲಿ ಬೆಂಗಳೂರಿನ ರಾಡೆಲ್‌ನ ಪಾಲು ದೊಡ್ಡದು. ಅದರ ಸ್ಥಾಪಕರು ಜಿ. ರಾಜ್ ನಾರಾಯಣ್, ಎಂಜಿನಿಯರೂ ಹೌದು, ಕೊಳಲು ವಾದಕರೂ ಹೌದು. ಈಗಂತೂ ಫೋನಿನ ಆ್ಯಪ್‌ನಲ್ಲೇ ತಂಬೂರಿ. ದುಬೈನ ಫ್ಲ್ಯಾಟಿನಲ್ಲಿ, ಡಲ್ಲಾಸ್‌ನ ಬೇಸ್‌ಮೆಂಟಿನಲ್ಲಿ ಆನ್‌ಲೈನ್ ಪಾಠ ಹೇಳಿಸಿಕೊಳ್ಳುವ ಕನ್ನಡದ ಮಕ್ಕಳು ಅದನ್ನೇ ಹಾಕಿಕೊಂಡು ಮೊದಲ ಪಾಠದ ಸರಳೆ ಹಾಡುತ್ತಾರೆ.

ನಾನು ಅದನ್ನು ಬೈಯುವುದಿಲ್ಲ. ನನ್ನ ಬೆಳಗಿನ ಅಭ್ಯಾಸವೂ ಆ್ಯಪ್ ಜತೆಯೇ. ಆದರೆ ಒಂದು ಕಲಿಕೆ ತಪ್ಪಿಹೋಗುತ್ತದೆ. ನಡುವಿನ ಎರಡು ‘ಸ’ ತಂತಿಗಳನ್ನು ಕೂಡಿಸುವಾಗ ಅವು ಒಂಚೂರು ಹೆಚ್ಚುಕಡಿಮೆ ಇದ್ದರೆ ಅದೇ ‘ವಾಂವಾಂ’ ತೂಗಾಟ ಕೇಳುತ್ತದೆ. ಬಿರಡೆ ತಿರುವಿದಂತೆ ತೂಗಾಟ ನಿಧಾನವಾಗುತ್ತದೆ. ಆಮೇಲೆ ಕುದುರೆಯ ಹಿಂದೆ ತಂತಿಗೆ ಪೋಣಿಸಿದ ಸಣ್ಣ ಮಣಿಯನ್ನು ಉಗುರಿನಲ್ಲಿ ತಳ್ಳುತ್ತೀರಿ. ತೂಗಾಟ ಇನ್ನೂ ನಿಧಾನ, ಇನ್ನೂ ನಿಧಾನ, ಒಂದು ಗಳಿಗೆ ನಿಂತುಹೋಗುತ್ತದೆ. ಎರಡು ತಂತಿ ಒಂದಾದವು. ಇದನ್ನು ನೂರು ಸಲ ಮಾಡಿದ ಕಿವಿಗೆ ತನ್ನ ಗಂಟಲಿನ ಸ್ವರ ಶ್ರುತಿಗೆ ಕೂಡಿತೋ ಇಲ್ಲವೋ ಯಾರೂ ಹೇಳಿಕೊಡಬೇಕಿಲ್ಲ. ಬಟನ್ ಒತ್ತಿದ ಕಿವಿಗೆ ಅದನ್ನು ಬೇರೆ ಎಲ್ಲಿಂದಲೋ ಕಲಿಯಬೇಕು.

ಮುಂದಿನ ಸಲ ಕಛೇರಿಗೆ ಹೋದಾಗ ಗಾಯಕರ ಹಿಂದೆ ಕೂತ ಹುಡುಗನನ್ನೋ ಹುಡುಗಿಯನ್ನೋ ಸ್ವಲ್ಪ ಗಮನಿಸಿ. ಸಾಮಾನ್ಯವಾಗಿ ಶಿಷ್ಯರೇ ಇರುತ್ತಾರೆ. ಮೊದಲ ತಂತಿಗೆ ನಡುಬೆರಳು, ಉಳಿದ ಮೂರಕ್ಕೆ ತೋರುಬೆರಳು. ತಾಳಕ್ಕೆ ಹೊಂದಿಸಿ ಮೀಟಬಾರದು, ಜೋರಾಗಿ ಮೀಟಬಾರದು, ತೂಕಡಿಸಬಾರದು. ಎರಡು ಗಂಟೆ ಅದೇ ಕೆಲಸ. ಅವತ್ತಿನ ಕಛೇರಿಯಲ್ಲಿ ಒಂದು ಗಂಟೆಯ ಹೊತ್ತಿಗೆ ಎಸಿಯ ತಂಪಿಗೆ ಒಂದು ತಂತಿ ಜಾರಿತು. ನನಗೆ ಗೊತ್ತಾಗಲಿಲ್ಲ, ಪಕ್ಕದ ಹಿರಿಯರಿಗೂ ಗೊತ್ತಾಗಿರಲಿಕ್ಕಿಲ್ಲ. ಗಾಯಕರು ಆಲಾಪದ ನಡುವೆ ಕತ್ತನ್ನು ಒಂಚೂರು ಎಡಕ್ಕೆ ತಿರುಗಿಸಿದರು, ಅಷ್ಟೇ. ಹಿಂದಿದ್ದ ಹುಡುಗಿ ಮೀಟುವುದನ್ನು ನಿಲ್ಲಿಸದೆ, ಎಡಗೈ ಬಗ್ಗಿಸಿ, ಕೊನೆಯ ತಂತಿಯ ಮಣಿಯನ್ನು ಉಗುರಿನ ತುದಿಯಿಂದ 1 ಮಿಲಿಮೀಟರ್ ಕೆಳಗೆ ತಳ್ಳಿದಳು. ಗಾಯಕರ ಕತ್ತು ಮತ್ತೆ ನೇರವಾಯಿತು.